ಹತ್ತರ ಸಾಲ

ಮಗುವಿನ ಬಾಯಿಂದ ಸುಳ್ಳು ಹೇಳಿಸುವುದು ತಪ್ಪು ಎಂಬ ಮಾತಿಗೆ ಎದುರಾಡುವವರು ಇರಲಿಕ್ಕಿಲ್ಲ. ಆದರೂ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ, ಅದರಲ್ಲೂ ಗಣಿತದ ತಾಸಿನಲ್ಲಿ, ದಿನಕ್ಕೆ ಹತ್ತು ಸಲವಾದರೂ ಈ ಕೆಲಸ ನಡೆಯುತ್ತದೆ. ಗುರುಗಳು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿ, ಕೈಗಂಟಿದ ಸೀಮೆಸುಣ್ಣದ ಪುಡಿಯನ್ನು ಝಾಡಿಸಿಕೊಳ್ಳುತ್ತ ವರ್ಗದ ಕಡೆ ತಿರುಗಿ "ತಿಳೀತೇನು?" ಎನ್ನುತ್ತಾರೆ. "ತಿಳೀತ್ರೀ" ಎಂದು ನಲವತ್ತು ಕೊರಳು ಒಟ್ಟಿಗೆ ಕೂಗುತ್ತವೆ. ಆ ನಲವತ್ತರಲ್ಲಿ ಎಷ್ಟು ಕೊರಳು ನಿಜ ಹೇಳಿದವು ಎಂಬುದು ಗುರುಗಳಿಗೆ ಸುಮಾರಾಗಿ ಗೊತ್ತಿರುತ್ತದೆ, ಮಕ್ಕಳಿಗಂತೂ ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿದ್ದೂ ಎಲ್ಲರೂ ಮುಂದಿನ ಪುಟಕ್ಕೆ ಹೋಗುತ್ತಾರೆ. ಇದನ್ನು ಬೋಧನಾ ಕ್ರಮದ ಒಂದು ಕೊರತೆಯೆಂದು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ನನಗೆ ಅದು ನೀತಿಯ ಪ್ರಶ್ನೆಯಾಗಿ ಕಾಣುತ್ತದೆ. ಯಾಕೆಂದು ಹೇಳಲು ನನ್ನದೇ ಒಂದು ತಪ್ಪಿನಿಂದ ಮೊದಲು ಮಾಡಬೇಕು.

ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಎರಡನೆಯ ಇಯತ್ತೆಗೆ ಕಲಿಸುತ್ತಿದ್ದೆ. ಅಂದು ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ. ನನ್ನ ಗುರುಗಳು ನನಗೆ ಹೇಳಿಕೊಟ್ಟ ಹಾಗೆಯೇ ನಾನೂ ಹೇಳಿದೆ: "ಎರಡರಾಗ ಏಳು ಹೋಗೂದಿಲ್ಲ. ಅದಕ್ಕ ಬಾಜೂಕಿನ ಐದರ ಕಡಿಂದ ಒಂದು ಸಾಲ ತಗೋ. ಎರಡು ಇದ್ದದ್ದು ಹನ್ನೆರಡು ಆತು. ಹನ್ನೆರಡರಾಗ ಏಳು ಹೋದ್ರ ಐದು. ಅಲ್ಲಿ ಐದು ಇದ್ದದ್ದು ನಾಲ್ಕು ಉಳೀತು, ನಾಲ್ಕರಾಗ ಎರಡು ಹೋದ್ರ ಎರಡು. ಉತ್ತರ ಇಪ್ಪತ್ತೈದು. ತಿಳೀತೇನು?" ವರ್ಗ ಕೂಗಿತು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಕೇಳಿದಳು: "ಗುರುಜಿ, ಆ ಸಾಲ ಹೊಳ್ಳಿ ಯಾವಾಗ ಕೊಡೂದ್ರಿ?"

ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. "ಇದು ಲೆಕ್ಕದ ಸಾಲ ತಂಗಿ, ಇದನ್ನ ಯಾರೂ ಹೊಳ್ಳಿ ಕೊಡೂದಿಲ್ಲ" ಎಂದೆ. ಅವಳ ಮನೆಯಲ್ಲಿ ಆ ವರ್ಷ ಸಾಲ ತೀರಿಸಲಾಗದೆ ಎತ್ತು ಮಾರಿದ್ದರು ಎಂಬುದು ಊರಿಗೆಲ್ಲ ತಿಳಿದಿತ್ತು, ನನಗೂ ತಿಳಿದಿತ್ತು. ಸಾಲವೆಂದರೇನೆಂದು ಆ ವರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳು ಅವಳೇ. ನಾನು ಮತ್ತೆ "ತಿಳೀತೇನು?" ಎಂದೆ. ಸ್ವಲ್ಪ ತಡೆದು, ನೆಲ ನೋಡುತ್ತ, "ತಿಳೀತ್ರೀ" ಎಂದು ಕುಳಿತಳು. ವರ್ಷ ಮುಗಿಯುವವರೆಗೆ ಅವಳು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಗಮನಿಸಿದ್ದು ಕೂಡ ಬಹಳ ತಡವಾಗಿ.

ಅವಳ ಪ್ರಶ್ನೆ ಪೆದ್ದ ಪ್ರಶ್ನೆಯಾಗಿರಲಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ನಡೆದ ಒಂದು ಕಳೆಯುವ ಕ್ರಮವಿದೆ. ಅದರಲ್ಲಿ ಮೇಲಿನ ಎರಡಕ್ಕೆ ಹತ್ತು ಕೂಡಿಸಿ ಹನ್ನೆರಡು ಮಾಡುತ್ತಾರೆ. ಆದರೆ ಐದನ್ನು ಮುಟ್ಟುವುದಿಲ್ಲ. ಬದಲಿಗೆ ಕೆಳಗಿನ ಎರಡಕ್ಕೆ ಒಂದು ಸೇರಿಸಿ ಮೂರು ಮಾಡಿ, ಐದರಲ್ಲಿ ಮೂರು ಕಳೆಯುತ್ತಾರೆ. ಮೇಲೆ ತೆಗೆದುಕೊಂಡ ಹತ್ತನ್ನು ಕೆಳಗೆ ತೀರಿಸಿದ ಹಾಗಾಯಿತು. ಎರಡೂ ಸಂಖ್ಯೆಗಳಿಗೆ ಹತ್ತು ಹತ್ತು ಕೂಡಿಸಿದರೆ ಅವುಗಳ ನಡುವಿನ ಅಂತರ ಬದಲಾಗದು ಎಂಬುದು ಅದರ ಗುಟ್ಟು. ಇಂಗ್ಲಿಷಿನಲ್ಲಿ ಅದನ್ನು 'ಸಾಲ ತೆಗೆದು ತೀರಿಸುವುದು' ಎಂಬರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಆ ಹುಡುಗಿಗೆ ಕಾಣದಿದ್ದ ಆ ತೀರಿಕೆಯನ್ನು ಅವಳು ಹುಡುಕುತ್ತಿದ್ದಳು. ನಾನು ಹೇಳಿಕೊಟ್ಟ ಕ್ರಮದಲ್ಲಿ ಸಾಲವೇ ಇಲ್ಲ. ಅಲ್ಲಿ ಆಗುವುದು ಚಿಲ್ಲರೆ ಮಾಡಿಸುವ ಕೆಲಸ: ಐದು ಹತ್ತರ ನೋಟುಗಳಲ್ಲಿ ಒಂದನ್ನು ಮುರಿಸಿ ಹತ್ತು ಒಂಟಿ ರೂಪಾಯಿ ಮಾಡಿಕೊಳ್ಳುವುದು. ನೋಟು ಮುರಿಸಿದವನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಹಾಗಿದ್ದ ಮೇಲೆ 'ಸಾಲ' ಎಂಬ ಮಾತು ನನ್ನ ಬಾಯಲ್ಲಿ ಸುಳ್ಳಾಗಿತ್ತು. ಸುಳ್ಳನ್ನು ಹಿಡಿದು ತೋರಿಸಿದವಳಿಗೆ ಪ್ರತಿಯಾಗಿ ಇನ್ನೊಂದು ಸುಳ್ಳು ಹೇಳಿಸಿದೆ.

ಲೆಕ್ಕ ಕಲಿಸುವಲ್ಲಿ ಮಾತಿನ ಪಾಲು ಎಷ್ಟು ದೊಡ್ಡದೆಂಬುದು ನಮ್ಮ ಸೀಮೆಯಲ್ಲಿ ಇದ್ದವರಿಗೆ ಬೇರೆ ಕಡೆಯವರಿಗಿಂತ ಬೇಗ ಗೊತ್ತಾಗುತ್ತದೆ. ಸೋಲಾಪುರದ ಪೇಟೆಯಲ್ಲಿ ಒಂದು ಚಾದರದ ಬೆಲೆ ಕೇಳಿ ನೋಡಿ. ಮರಾಠಿಯವರು ಇಪ್ಪತ್ತೊಂದಕ್ಕೆ 'ಏಕವೀಸ್' ಎನ್ನುತ್ತಾರೆ, ಉರ್ದು ಮಾತಾಡುವವರು 'ಇಕ್ಕೀಸ್' ಎನ್ನುತ್ತಾರೆ. ಇಬ್ಬರೂ ಒಂದನ್ನು ಮೊದಲು ಹೇಳಿ ಇಪ್ಪತ್ತನ್ನು ಆಮೇಲೆ ಹೇಳುವವರು. ಮಗ್ಗದ ಕೆಲಸಕ್ಕೆ ಹಿಂದೆ ತೆಲುಗು ನಾಡಿನಿಂದ ಬಂದು ನೆಲೆಸಿದ ಪದ್ಮಶಾಲಿಗಳ ಮನೆಗಳಲ್ಲಿ ಅದು 'ಇರವೈ ಒಕಟಿ', ನಮ್ಮಲ್ಲಿ 'ಇಪ್ಪತ್ತೊಂದು'. ಇಲ್ಲಿ ಹತ್ತುಗಳು ಮೊದಲು, ಬಿಡಿ ಆಮೇಲೆ. ಒಂದೇ ಊರಿನ ನಾಲ್ಕು ಭಾಷೆಗಳಲ್ಲಿ ಎರಡು ಆ ಕಡೆಯಿಂದ ಎಣಿಸುತ್ತವೆ, ಎರಡು ಈ ಕಡೆಯಿಂದ. ಬರೆಯುವಾಗ ಮಾತ್ರ ಎಲ್ಲರೂ 2 ಮೊದಲು ಬರೆದು 1 ಆಮೇಲೆ ಬರೆಯುತ್ತಾರೆ. ಕಿವಿಗೆ ಒಂದು ಕ್ರಮ, ಕೈಗೆ ಇನ್ನೊಂದು. 'ಏಕವೀಸ್' ಎಂದು ಕೇಳಿದ ಆರು ವರ್ಷದ ಮಗು 12 ಎಂದು ಬರೆದರೆ ಅದು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ ಎಂದೇ ಹೇಳಬೇಕು.

ಇದರ ಬಗ್ಗೆ 2019ರ ಜೂನಿನಲ್ಲಿ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದಿತು. ಪುಣೆಯ ಬಾಲಭಾರತಿ ಆ ವರ್ಷ ಎರಡನೆಯ ಇಯತ್ತೆಗೆ ಹೊಸ ಗಣಿತ ಪುಸ್ತಕ ತಂದಿತು. (1967ರಲ್ಲಿ ಹುಟ್ಟಿದ ಈ ಸಂಸ್ಥೆಯೇ ಮರಾಠಿಯ ಜೊತೆಗೆ ಕನ್ನಡ, ಉರ್ದು, ತೆಲುಗು, ಗುಜರಾತಿ, ಸಿಂಧಿ ಮೊದಲಾದ ಭಾಷೆಗಳಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅಕ್ಕಲಕೋಟದ ಕನ್ನಡ ಮಗುವಿನ ಕೈಗೆ ಬರುವ ಗಣಿತ ಪುಸ್ತಕವೂ ಅಲ್ಲಿಯದೇ.) ಆ ಪುಸ್ತಕದಲ್ಲಿ 'ಏಕವೀಸ್' ಎಂಬುದರ ಜೊತೆಗೆ 'ವೀಸ್ ಏಕ್' ಎಂದೂ ಓದಬಹುದೆಂದು ತೋರಿಸಿದ್ದರು. ಗಣಿತ ಸಮಿತಿಯ ಮುಖ್ಯಸ್ಥರಾಗಿದ್ದವರು ಗಣಿತಜ್ಞೆ ಮಂಗಲಾ ನಾರಳೀಕರ್. ಮರಾಠಿಯ ಸಂಖ್ಯಾನಾಮಗಳಲ್ಲಿ ಒತ್ತಕ್ಷರ ಹೆಚ್ಚು, ಹೇಳುವ ಕ್ರಮಕ್ಕೂ ಬರೆಯುವ ಕ್ರಮಕ್ಕೂ ತಾಳೆಯಿಲ್ಲ, ಇದರಿಂದ ಸಣ್ಣ ಮಕ್ಕಳು ತೊಡಕಿಗೆ ಬೀಳುತ್ತಾರೆ, ದಕ್ಷಿಣದ ಭಾಷೆಗಳಲ್ಲಿ ಈ ತೊಡಕಿಲ್ಲ ಎಂಬುದು ಅವರ ವಾದವಾಗಿತ್ತು. ಮಾತು ವಿಧಾನಸಭೆಗೂ ಹೋಯಿತು. ಆಗಿನ ಮುಖ್ಯಮಂತ್ರಿಯವರ ಹೆಸರಿನ ಕೊನೆಯಲ್ಲಿರುವ 'ವೀಸ್' ಅನ್ನು ಇನ್ನು ಹೇಗೆ ಓದಬೇಕು ಎಂದು ವಿರೋಧ ಪಕ್ಷದವರು ಹಾಸ್ಯ ಮಾಡಿದರು. ಭಾಷೆಯ ಮಾನ ಹೋಯಿತೆಂದು ಕೆಲವರು ಬರೆದರು. ಮಂಗಲಾ ಅವರು 2023ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಇಂದಿಗೂ ಕೆಲವರಿಗೆ ಮೊದಲು ನೆನಪಾಗುವುದು ಆ ಗದ್ದಲವೇ. ಜೀವಮಾನವಿಡೀ ಗಣಿತ ಮಾಡಿದ ಹೆಂಗಸಿಗೆ ಇದು ಸಲ್ಲಬೇಕಾದ ನೆನಪಲ್ಲ.

ಗದ್ದಲ ಕೇಳಿ ಕನ್ನಡದವನಾದ ನನಗೆ ಮೊದಲು ಬಂದದ್ದು ಒಂದು ಸಣ್ಣ ಹೆಮ್ಮೆ. ನಮ್ಮ ಮಕ್ಕಳಿಗೆ ಆ ಕಷ್ಟವಿಲ್ಲ! ಇಪ್ಪತ್ತೊಂದು, ಇಪ್ಪತ್ತೆರಡು, ಮೂವತ್ತೊಂದು, ಮೂವತ್ತೆರಡು. ಸಾಲಾಗಿ ನಿಲ್ಲಿಸಿದ ಕೊಡಗಳ ಹಾಗೆ. ಮಾರನೆಯ ದಿನ ಶಾಲೆಗೆ ಹೋದವನು ಮೂರನೆಯ ಇಯತ್ತೆಯ ಒಬ್ಬ ಹುಡುಗನಿಗೆ, 'ಮೂವತ್ತೆರಡರಾಗ ಹತ್ತು ಎಷ್ಟು ಸಲ ಅದಾವ?' ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ 'ಇಲ್ರೀ' ಎಂದ. ಹತ್ತು ಅದರಲ್ಲಿ ಇಲ್ಲವೇ ಇಲ್ಲವೆಂದು! 'ಮೂವತ್ತು' ಎಂಬ ಮಾತಿನಲ್ಲಿ ಮೂರು ಹತ್ತು ಅಡಗಿ ಕುಳಿತಿವೆ ಎಂಬುದು ಅವನಿಗೆ ಯಾರೂ ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ. ಭಾಷೆ ಬಾಗಿಲನ್ನು ತೆರೆದೇ ಇಟ್ಟಿತ್ತು. ನಾವು ಮಗುವನ್ನು ಆ ಬಾಗಿಲ ಮುಂದಿನಿಂದಲೇ ನಡೆಸಿಕೊಂಡು ಹೋಗಿದ್ದೆವು.

ಈ ವಾರ್ಷಿಕವನ್ನು ಓದುವವರಲ್ಲಿ ಎಷ್ಟೋ ಜನ ಮಲಯಾಳದಲ್ಲಿ ಎಣಿಸಲು ಕಲಿತವರು. ಅಲ್ಲಿಯೂ ಹತ್ತುಗಳೇ ಮೊದಲು. ಆದರೆ ತೊಂಬತ್ತಕ್ಕೆ 'ತೊಣ್ಣೂರ್', ಒಂಬೈನೂರಕ್ಕೆ 'ತೊಳ್ಳಾಯಿರಂ'. ತೊಂಬತ್ತರ ಒಳಗೆ ನೂರು, ಒಂಬೈನೂರರ ಒಳಗೆ ಸಾವಿರ. ಇನ್ನೂ ಬಾರದ ನೂರನ್ನು ಹತ್ತು ಮೊದಲೇ ಬಾಗಿಲಿಗೆ ಕರೆದು ನಿಲ್ಲಿಸಿದ ಹಾಗೆ. ಮನೆಯಲ್ಲಿ 'ತೊಂಬತ್ತೊಂದು' ಕೇಳಿ ಅಂಗಡಿಯಲ್ಲಿ 'ತೊಣ್ಣೂಟ್ಟಿಯೊನ್ನ್' ಕೇಳುವ ಕಾಸರಗೋಡಿನ ಮಗುವಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಅಲ್ಲಿಯ ಉಪಾಧ್ಯಾಯರೇ ಹೇಳಬೇಕು. ನಮ್ಮಲ್ಲಿ ಇದಕ್ಕೆ ಜೋಡಿಯಾದ ಒಂದು ವಿನೋದವಿದೆ. ಹಳೆಯ ಕನ್ನಡ ಲೆಕ್ಕದಲ್ಲಿ 'ವೀಸ' ಎಂದರೆ ಹದಿನಾರರಲ್ಲಿ ಒಂದು ಪಾಲು. ಮರಾಠಿಯಲ್ಲಿ 'ವೀಸ್' ಎಂದರೆ ಇಪ್ಪತ್ತು. ಗಡಿಯ ಅಂಗಡಿಕಾರನೊಬ್ಬ ಈ ಗೊಂದಲದಲ್ಲಿ ಗಳಿಸಿದನೋ ಕಳೆದುಕೊಂಡನೋ ತಿಳಿಯದು.

ಸಂಖ್ಯೆಯ ಹೆಸರನ್ನು ಬದಲಿಸುವುದು ಮಾಡಬಾರದ ಕೆಲಸವೇನಲ್ಲ. ನಾರ್ವೆ ದೇಶದಲ್ಲಿಯೂ ಹಿಂದೆ ಒಂದನ್ನು ಮೊದಲು ಹೇಳಿ ಇಪ್ಪತ್ತನ್ನು ಆಮೇಲೆ ಹೇಳುತ್ತಿದ್ದರು. ಟೆಲಿಫೋನ್ ಸಂಖ್ಯೆಗಳನ್ನು ಹೇಳುವಲ್ಲಿ ತಪ್ಪು ಹೆಚ್ಚುತ್ತದೆಂದು ಅಲ್ಲಿಯ ಪಾರ್ಲಿಮೆಂಟಿನ ತೀರ್ಮಾನದಂತೆ 1951ರಲ್ಲಿ ಕ್ರಮವನ್ನು ತಿರುಗಿಸಿದರು. ಹಳಬರು ಬಹುಕಾಲ ಹಳೆಯದನ್ನೇ ಹೇಳುತ್ತಿದ್ದರು, ಶಾಲೆಯ ಮಕ್ಕಳು ಹೊಸದನ್ನು ಹೇಳಿದರು. ಭಾಷೆ ಕೆಡಲಿಲ್ಲ. ದೂರ ಹೋಗುವುದೇಕೆ, ನಮ್ಮ ಕಣದಲ್ಲಿ ಜೋಳ ಅಳೆಯುವವನು 'ಒಂದು' ಎನ್ನದೆ 'ಲಾಭ' ಎಂದೇ ಎಣಿಕೆ ಶುರು ಮಾಡುತ್ತಾನಲ್ಲ! ಬೇಕಾದಾಗ ಜನ ಹೆಸರು ಬದಲಿಸಿಕೊಂಡಿದ್ದಾರೆ.

ಹೀಗಾಗುವುದು ಯಾಕೆಂದರೆ ಹೆಸರು ವಾಡಿಕೆಯ ವಿಷಯ. ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಎನ್ನಬೇಕು, ಅದನ್ನು 21 ಎಂದು ಬರೆಯಬೇಕು, ಕೂಡಿಸುವ ಗುರುತು ಹೀಗಿರಬೇಕು ಎಂಬುದೆಲ್ಲ ಹಿರಿಯರು ಒಪ್ಪಿಕೊಂಡು ನಡೆಸಿದ ಏರ್ಪಾಡು. ಇದನ್ನು ಮಗುವಿಗೆ ಹೇಳಲೇಬೇಕು, ಮಗು ನಂಬಲೇಬೇಕು. ಎಷ್ಟು ಯೋಚಿಸಿದರೂ ಅದು ತಾನಾಗಿ ಕಂಡುಕೊಳ್ಳುವಂಥದಲ್ಲ. ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಇಪ್ಪತ್ತೈದು ಉಳಿಯುತ್ತದೆ ಎಂಬುದು ಬೇರೆ ಜಾತಿಯ ಮಾತು. ಅದನ್ನು ಯಾರೂ ಏರ್ಪಡಿಸಲಿಲ್ಲ. ಮರಾಠಿಯಲ್ಲಿಯೂ ಅಷ್ಟೇ, ಮಲಯಾಳದಲ್ಲಿಯೂ ಅಷ್ಟೇ. ಮಂತ್ರಿ ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಇಲ್ಲಿ ಗುರುವಿಗೂ ಏಳು ವರ್ಷದ ಮಗುವಿಗೂ ಅಧಿಕಾರ ಸಮ. ಮಗು ಕಾಳು ಎಣಿಸಿ ನೋಡಿ, "ಗುರುಜಿ, ನಿಮ್ಮದು ತಪ್ಪಾಗೇದ" ಎಂದರೆ ಗುರು ಒಪ್ಪಿಕೊಳ್ಳಬೇಕಾಗುತ್ತದೆ. ಇತಿಹಾಸದಲ್ಲಿ ಆಗದು, ಭೂಗೋಳದಲ್ಲಿ ಆಗದು, ಕಾಗುಣಿತದಲ್ಲಿಯೂ ಆಗದು. ಅಲ್ಲೆಲ್ಲ ಮಗು ಯಾರನ್ನಾದರೂ ನಂಬಿಯೇ ಮುಂದೆ ಹೋಗಬೇಕು. ಪ್ರಾಥಮಿಕ ಶಾಲೆಯಲ್ಲಿ ಮಗುವಿಗೆ ಸ್ವಂತ ಕಣ್ಣಿನಿಂದ ನಿಜವನ್ನು ನೋಡುವ ಸಂದರ್ಭ ಇಷ್ಟು ಸುಲಭವಾಗಿ ಸಿಗುವುದು ಲೆಕ್ಕದಲ್ಲಿಯೇ. ಆ ಜಾಗದಲ್ಲಿಯೂ 'ಸಾಲ ತಗೋ, ಕೇಳಬೇಡ' ಎಂದು ಹೇಳಿದರೆ, ನಿಜ ಎಂಬುದೂ ಒಂದು ಹುಕುಮು ಎಂದು ಮಗು ತಿಳಿಯುತ್ತದೆ. ಗಣಿತ ಬಾರದಿರುವುದಕ್ಕಿಂತ ಈ ತಿಳಿವಳಿಕೆ ಹೆಚ್ಚು ಹಾನಿ ಮಾಡುತ್ತದೆಂದು ನನ್ನ ಅಂಜಿಕೆ.

ಗಡಿಯಲ್ಲಿ ಬದುಕುವವರಿಗೆ ವಾಡಿಕೆಗೂ ನಿಜಕ್ಕೂ ಇರುವ ಅಂತರ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಲಕೋಟ 1948ರವರೆಗೆ ಒಂದು ಸಂಸ್ಥಾನವಾಗಿತ್ತು, ಆಮೇಲೆ ಮುಂಬಯಿ ರಾಜ್ಯದಲ್ಲಿ ಸೇರಿತು, 1960ರಿಂದ ಮಹಾರಾಷ್ಟ್ರ. ಅಕ್ಕಲಕೋಟ ತಾಲೂಕೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ ಒಂದೇ ವರದಿಯಲ್ಲಿ ಹೇಳಿದ್ದು 1967ರಲ್ಲಿ. ಎರಡೂ ಆಗಲಿಲ್ಲ. ಆಗಬೇಕಿತ್ತೇ ಬೇಡವಾಗಿತ್ತೇ ಎಂಬ ವಾದವನ್ನು ಇಲ್ಲಿ ತೆಗೆಯುವುದಿಲ್ಲ. ಇದನ್ನು ಓದುವ ಇಬ್ಬರು ಗೆಳೆಯರಿಗೆ ಆ ವಿಷಯದಲ್ಲಿ ಎರಡು ಅಭಿಪ್ರಾಯಗಳಿರಬಹುದು. ನಾನು ಹೇಳುವುದಿಷ್ಟು: ನಕ್ಷೆಯ ಮೇಲಿನ ಗೆರೆ ಒಂದು ಏರ್ಪಾಡು. ಗೆರೆಯ ಈ ಕಡೆಯೂ ಆ ಕಡೆಯೂ ಏಳೂ ಐದೂ ಹನ್ನೆರಡೇ. ಇಂಥ ಊರುಗಳ ಮಕ್ಕಳು, ಯಾವುದು ಏರ್ಪಾಡು ಯಾವುದು ನಿಜ ಎಂದು ಬೇರೆ ಮಾಡಿ ನೋಡಲು ಬೇರೆಯವರಿಗಿಂತ ಮೊದಲೇ ಕಲಿಯಬೇಕಾಗಿದೆ.

ಇಷ್ಟು ಹೇಳಿದಾಗ ಹಿರಿಯ ಶಿಕ್ಷಕರು ಸುಮ್ಮನಿರುವುದಿಲ್ಲ. ಅವರ ಆಕ್ಷೇಪಣೆ ಹಗುರವಾದುದೂ ಅಲ್ಲ. ನಮ್ಮ ಹಿಂದಿನವರು ಮಗ್ಗಿಯನ್ನು ಬಾಯಿಪಾಠ ಮಾಡಿದರು. ಎರಡೊಂದಲೆ ಎರಡು ಮಾತ್ರವಲ್ಲ. ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ ಎಂದು ಕಾಲರದು, ಅರೆಯದು, ಮುಕ್ಕಾಲರದು, ಒಂದೂಕಾಲರದು, ಒಂದೂವರೆಯದು. ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ರಾಗವಾಗಿ ಹೇಳುತ್ತಿದ್ದರು. ಅರ್ಥವನ್ನು ಯಾರು ಕೇಳಿದರು? ಆದರೆ ಅದೇ ಮುದುಕರು ಅಡತಿ ಅಂಗಡಿಯಲ್ಲಿ ಶೇಂಗಾದ ತೂಕ ಬೆಲೆಗಳನ್ನು ಕಾಗದ ಮುಟ್ಟದೆ ಹೇಳುತ್ತಿದ್ದರು. 'ಮೊದಲು ಬಾಯಿಗೆ ಬರಲಿ, ಅರ್ಥ ತಾನಾಗಿ ಬರ್ತದ' ಎಂಬ ಅವರ ಮಾತಿನಲ್ಲಿ ಅನುಭವವಿದೆ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಮಗ್ಗಿ ಬಾರದ ಮಗು ಪ್ರತಿಯೊಂದು ಹೆಜ್ಜೆಗೂ ಎಡವುತ್ತದೆ. ಅರ್ಥದ ಹೆಸರಿನಲ್ಲಿ ಬಾಯಿಪಾಠವನ್ನು ಓಡಿಸಿದ ಶಾಲೆಗಳನ್ನೂ ನಾನು ನೋಡಿದ್ದೇನೆ, ಅಲ್ಲಿ ಎರಡೂ ಇರಲಿಲ್ಲ.

ಆದರೆ ಒಂದು ವ್ಯತ್ಯಾಸ ನೋಡಿ. ಆ ಮುದುಕರಿಗೆ ಮಗ್ಗಿ ಹೇಳಿಸಿದ ಗುರು 'ತಿಳೀತೇನು?' ಎಂದು ಕೇಳುತ್ತಿರಲಿಲ್ಲ. 'ಬಂತೇನು?' ಎಂದು ಕೇಳುತ್ತಿದ್ದ. ಬಂದಿದ್ದರೆ ಹುಡುಗ ಹೇಳಿ ತೋರಿಸುತ್ತಿದ್ದ, ಬಾರದಿದ್ದರೆ ಏಟು ತಿನ್ನುತ್ತಿದ್ದ. ಏಟನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿ ವ್ಯವಹಾರ ಪ್ರಾಮಾಣಿಕವಾಗಿತ್ತು: ಬಾಯಿಪಾಠಕ್ಕೆ ಬಾಯಿಪಾಠವೆಂದೇ ಹೆಸರು. ನಾವು ಕಾಲಕ್ಕೆ ತಕ್ಕಂತೆ ಸುಧಾರಿಸಿ 'ಬಂತೇನು' ಎಂಬುದನ್ನು ಬಿಟ್ಟು 'ತಿಳೀತೇನು' ಎಂಬುದನ್ನು ಹಿಡಿದೆವು. ಕೆಲಸ ಮಾತ್ರ ಹಳೆಯದೇ. ಬಾಯಿಪಾಠ ಮಾಡಿಸಿ ತಿಳಿವಳಿಕೆಯ ಸಹಿ ಹಾಕಿಸಿಕೊಳ್ಳುತ್ತೇವೆ. 'ಇದನ್ನ ಸದ್ಯ ಹೀಂಗ ಮಾಡು, ಯಾಕಂತ ನನಗೂ ಪೂರಾ ಹೇಳಾಕ ಬರೂದಿಲ್ಲ, ಮುಂದ ಕೂಡಿ ನೋಡೂಣು' ಎಂದು ಒಬ್ಬ ಶಿಕ್ಷಕ ಹೇಳಿದರೆ ಅವನು ಮಗುವಿಗೆ ಅನ್ಯಾಯ ಮಾಡಿದ ಹಾಗಲ್ಲ. ನಾನು ಆ ಹುಡುಗಿಗೆ ಅಷ್ಟು ಹೇಳಿದ್ದರೂ ಸಾಕಾಗಿತ್ತು.

ಅಂಥ ಸಹಿಗಳ ಬೆಲೆ ಎಷ್ಟು ಎಂಬುದಕ್ಕೆ ಅಂಕಿಗಳಿವೆ. ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಓದು-ಲೆಕ್ಕ ಪರೀಕ್ಷಿಸುವ 'ಅಸರ್' ಸಮೀಕ್ಷೆಯ 2024ರ ವರದಿಯಂತೆ, ದೇಶದ ಗ್ರಾಮೀಣ ಭಾಗದಲ್ಲಿ ಐದನೆಯ ತರಗತಿಯಲ್ಲಿದ್ದ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ 30.7. ಉಳಿದವರೂ ಐದು ವರ್ಷ 'ತಿಳೀತ್ರೀ' ಎಂದವರೇ.

ತಿಳಿಯದಿರುವುದು ಅವರ ಬುದ್ಧಿಯ ದೋಷವೇ? ಗುರುವಾರ ಅಕ್ಕಲಕೋಟಕ್ಕೆ ಬಂದು ನೋಡಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಕಿಕ್ಕಿರಿದ ದಿನ ಹೂವು, ತೆಂಗಿನಕಾಯಿ, ಪೇಢೆಯ ಅಂಗಡಿಗಳಲ್ಲಿ ತಾಯಿ-ತಂದೆಗೆ ಆಸರೆಯಾಗಿ ಕುಳಿತ ಹುಡುಗರು ನೂರರ ನೋಟಿಗೆ ಚಿಲ್ಲರೆ ಕೊಡುವುದನ್ನು ಗಮನಿಸಿ. ಮರಾಠಿ ಗಿರಾಕಿಗೆ ಮರಾಠಿಯಲ್ಲಿ ಹೇಳಿ, ಅವ್ವನಿಗೆ ಕನ್ನಡದಲ್ಲಿ ಹೇಳಿ, ತಪ್ಪಿಲ್ಲದೆ ಕೊಡುತ್ತಾರೆ. ಅದೇ ಹುಡುಗ ಶುಕ್ರವಾರ ವರ್ಗದಲ್ಲಿ ಹಾಳೆಯ ಮೇಲಿನ ಕಳೆಯುವ ಲೆಕ್ಕದ ಮುಂದೆ ಕುಳಿತು ಪೆನ್ಸಿಲ್ ಕಚ್ಚುತ್ತಾನೆ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ಇದನ್ನೇ ಕಂಡ ನುನೆಸ್ ಕ್ಯಾರಹೆರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೆಂಗಿನಕಾಯಿ ಮಾರುವ ಹನ್ನೆರಡು ವರ್ಷದ ಒಬ್ಬ ಹುಡುಗನ ಸಂಗತಿ ಬರುತ್ತದೆ. ಒಂದಕ್ಕೆ 35ರಂತೆ ನಾಲ್ಕು ಕಾಯಿಗೆ ಎಷ್ಟೆಂದು ಅಂಗಡಿಯಲ್ಲಿ ಕೇಳಿದರೆ, ಮೂರಕ್ಕೆ 105, ಇನ್ನೊಂದು 35 ಸೇರಿ 140 ಎಂದ. ಕಾಗದದ ಮೇಲೆ 35ನ್ನು 4ರಿಂದ ಗುಣಿಸೆಂದರೆ, ನಾಲ್ಕೈದಲೆ ಇಪ್ಪತ್ತು, ಕೈಯಲ್ಲಿ ಎರಡು, ಎರಡೂ ಮೂರೂ ಐದು, ನಾಲ್ಕೈದಲೆ ಮತ್ತೆ ಇಪ್ಪತ್ತು, ಉತ್ತರ 200 ಎಂದು ಬರೆದ. ಅದೇ ಕಾಯಿ, ಅದೇ ಹುಡುಗ. ಅಂಗಡಿಯಲ್ಲಿ ಗಿರಾಕಿ 200 ಕೊಡಲು ಒಪ್ಪುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಶಾಲೆಯಲ್ಲಿ 'ಕೈಯಲ್ಲಿ ಎರಡು' ಎಂಬ ವಿಧಿ ತಪ್ಪಬಾರದು, ಉತ್ತರ ಏನಾದರೂ ಆಗಲಿ. ನಮ್ಮ ದೇಶದ ಕೊಲ್ಕತ್ತಾ ಮತ್ತು ದಿಲ್ಲಿಯ ಪೇಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದೂ ಇದೇ ಕಥೆ. ಜೊತೆಗೆ ಅವರು ಇನ್ನೊಂದನ್ನೂ ತೋರಿಸಿದರು. ಬರಿಯ ಶಾಲೆಗೆ ಹೋಗುವ ಮಕ್ಕಳು ಹಾಳೆಯ ಲೆಕ್ಕ ಮಾಡಬಲ್ಲರು, ಪೇಟೆಯ ಲೆಕ್ಕಕ್ಕೆ ತಡವರಿಸುತ್ತಾರೆ. ಅಂದರೆ ಎರಡು ಕಡೆಯೂ ಸೇತುವೆ ಮುರಿದಿದೆ.

ತಪ್ಪು ಮಾಡುವುದರ ಬಗ್ಗೆ ನಮಗಿರುವ ಕೋಪವೂ ವಿಚಿತ್ರ. ಅಕ್ಕಲಕೋಟ ರೋಡ್ ನಿಲ್ದಾಣದಿಂದ ರೈಲಿನಲ್ಲಿ ಕಲಬುರಗಿ ದಾಟಿ ಪೂರ್ವಕ್ಕೆ ಹೋದರೆ ಮಳಖೇಡ ಸಿಗುತ್ತದೆ, ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆ ಗ್ರಂಥ ಹಿಂದಿ ಅನುವಾದದೊಂದಿಗೆ 1963ರಲ್ಲಿ ಅಚ್ಚಾದದ್ದು ನಮ್ಮ ಸೋಲಾಪುರದಿಂದಲೇ, ಜೀವರಾಜ ಜೈನ ಗ್ರಂಥಮಾಲೆಯಲ್ಲಿ. ಅಷ್ಟು ದೊಡ್ಡ ಗಣಿತಿ, ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದ. ಅದು ತಪ್ಪು. ಮುಂದೆ ಬಂದವರು ಅದನ್ನು ಒಪ್ಪಲಿಲ್ಲ. ಸೊನ್ನೆಯಿಂದ ಭಾಗಿಸುವ ಮಾತಿಗೆ ಸಮಾಧಾನ ಹುಡುಕಲು ಶತಮಾನಗಳೇ ಬೇಕಾದವು. ಮಹಾವೀರನ ತಪ್ಪನ್ನು ನಾವು ಗೌರವದಿಂದ ಚರ್ಚಿಸುತ್ತೇವೆ. ಎರಡನೆಯ ಇಯತ್ತೆಯ ಮಗುವಿನ ತಪ್ಪಿಗೆ ಕೆಂಪು ಗೆರೆ ಎಳೆದು ಪುಸ್ತಕ ಮುಚ್ಚುತ್ತೇವೆ. ಮಗು ಆ ತಪ್ಪಿಗೆ ಯಾವ ದಾರಿಯಿಂದ ಬಂತು ಎಂದು ಕೇಳುವಷ್ಟು ವ್ಯವಧಾನ ನಮಗಿಲ್ಲ.

ವ್ಯವಧಾನ ಎಲ್ಲಿಂದ ತರೋಣ ಎಂದು ಜೊತೆಯ ಶಿಕ್ಷಕರು ಕೇಳುತ್ತಾರೆ. ಇಬ್ಬರು ಶಿಕ್ಷಕರು ನಾಲ್ಕು ಇಯತ್ತೆ ನೋಡಬೇಕು. ಅನ್ನದ ಲೆಕ್ಕ, ಆಧಾರದ ಲೆಕ್ಕ, ಚುನಾವಣೆಯ ಕೆಲಸ, ಮೊಬೈಲಿನಲ್ಲಿ ದಿನವೂ ತುಂಬಬೇಕಾದ ಮಾಹಿತಿ. ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು, ಲೆಕ್ಕ ಬರಬೇಕೆಂದು 2021ರಲ್ಲಿ 'ನಿಪುಣ ಭಾರತ' ಯೋಜನೆ ಬಂತು; ಗುರಿ ಒಳ್ಳೆಯದು, ಅದರ ಜೊತೆಗೂ ತುಂಬಬೇಕಾದ ಕೋಷ್ಟಕಗಳು ಬಂದವು. ಕೋಷ್ಟಕದಲ್ಲಿ ಮಗುವಿನ ಹೆಸರಿನ ಮುಂದೆ 'ಆಗಿದೆ' ಎಂದು ಗುರುತು ಹಾಕುವಾಗ 'ತಿಳೀತ್ರೀ' ಎಂಬ ಸುಳ್ಳು ನಮ್ಮ ಸಹಿಯೊಡನೆ ಮೇಲಕ್ಕೆ ಹೋಗುತ್ತದೆ. ತಾನು ಹೇಳಿಸಿದ್ದನ್ನು ತಾನೇ ಹೇಳುವ ಸರದಿ ಶಿಕ್ಷಕನಿಗೂ ಬರುತ್ತದೆ. ಅಷ್ಟರ ಮಟ್ಟಿಗೆ ನ್ಯಾಯ ಇದೆ ಎನ್ನಬಹುದೇನೋ.

ಎಷ್ಟೋ ವರ್ಷಗಳ ನಂತರ ನಾನು 'ಸಾಲ' ಎಂಬ ಮಾತನ್ನು ಬಿಟ್ಟೆ. ಜೋಳದ ದಂಟಿನ ಸಣ್ಣ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿ ಇಟ್ಟುಕೊಂಡೆ. ಐದು ಕಟ್ಟು, ಎರಡು ಬಿಡಿ. ಏಳು ಕೊಡಬೇಕು, ಬಿಡಿ ಸಾಲದು. ಏನು ಮಾಡೋಣ ಎಂದು ಕೇಳಿ ಸುಮ್ಮನೆ ಕುಳಿತೆ. ಸುಮ್ಮನೆ ಕೂಡುವುದೇ ಕಷ್ಟದ ಕೆಲಸ, ನಾಲಿಗೆ ತುರಿಸುತ್ತದೆ. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗ ಒಂದು ಕಟ್ಟಿನ ದಾರವನ್ನು ಹಲ್ಲಿನಿಂದ ಹರಿದ. "ಗುರುಜಿ, ಬಿಚ್ಚಿದ್ರ ಆತು!" ಎಂದು ಕೂಗಿದ. ಕಡ್ಡಿಗಳು ಚೆಲ್ಲಾಪಿಲ್ಲಿಯಾದವು. ಮಕ್ಕಳು ಹೆಕ್ಕಿ ಎಣಿಸಿದರು. ಒಬ್ಬಳು ಹದಿಮೂರು ಎಂದಳು, ಉಳಿದವರು ಹನ್ನೆರಡು ಎಂದರು, ಜಗಳವಾಯಿತು, ಮತ್ತೆ ಎಣಿಸಿದರು. ತಾಸು ಮುಗಿಯುವಷ್ಟರಲ್ಲಿ ಒಂದೇ ಒಂದು ಲೆಕ್ಕ ಆಗಿತ್ತು. ಆಗಲೇ ಬಂದ ಮುಖ್ಯಾಧ್ಯಾಪಕರು ಬಾಗಿಲಲ್ಲಿ ನಿಂತು ನೆಲದ ಮೇಲಿನ ಕಸ ನೋಡಿದರು.

ಆ ಹುಡುಗಿ ಅಷ್ಟು ಹೊತ್ತಿಗೆ ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಮದುವೆಯಾಗಿ ಸೋಲಾಪುರದಲ್ಲಿ ಇದ್ದಾಳೆಂದೂ ಬೀಡಿ ಕಟ್ಟುತ್ತಾಳೆಂದೂ ಕೇಳಿದ್ದೆ. ದಿನಕ್ಕೆ ಎಷ್ಟು ಬೀಡಿ, ಕಟ್ಟಿಗೆ ಎಷ್ಟು, ಸಾವಿರಕ್ಕೆ ಎಷ್ಟು ಕೂಲಿ, ಕೆಟ್ಟದ್ದೆಂದು ತೆಗೆದು ಹಾಕಿದ್ದು ಎಷ್ಟು ಎಂಬ ಕಳೆಯುವ ಲೆಕ್ಕವನ್ನು ಅವಳು ಬಾಯಲ್ಲೇ ಮಾಡುತ್ತಿರಬೇಕು. ಲೆಕ್ಕ ತಪ್ಪಿದೆ ಅನಿಸಿದಾಗ ಎದ್ದು ನಿಂತು ಕೇಳುತ್ತಾಳೋ ಇಲ್ಲವೋ ಎಂಬುದು ನನ್ನನ್ನು ಕಾಡುತ್ತದೆ.

ಅಂದು ಕಡ್ಡಿಗಳನ್ನು ಮತ್ತೆ ಕಟ್ಟಿ ಮುಗಿಸಿದ ಮೇಲೆ, ಹಳೆಯ ಚಾಳಿ, ನನ್ನ ಬಾಯಿಂದ "ತಿಳೀತೇನು?" ಎಂದು ಬಂದೇ ಬಿಟ್ಟಿತು. "ತಿಳೀತ್ರೀ" ಎಂದು ವರ್ಗ ಕೂಗಿತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಬಾಯಿ ತೆರೆದಿರಲಿಲ್ಲ. ನಾನು ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡೆ. ಅವನು ತನ್ನ ಕಟ್ಟನ್ನು ನನ್ನ ಕಡೆ ಸರಿಸಿ, "ಇದರಾಗ ಹತ್ತ ಅದಾವಂತ ಖರೇನ ಅದ ಏನ್ರೀ?" ಎಂದ. ದಾರ ಬಿಚ್ಚಿ ಎಣಿಸಿದೆವು. ಒಂಬತ್ತೇ ಇದ್ದವು.